ಸೈಕ್ಲೋ-ಕ್ರಾಸ್ ಹವ್ಯಾಸಿ ವಿಶ್ವ ಚಾಂಪಿಯನ್‌ಷಿಪ್

ಸೈಕ್ಲೋ-ಕ್ರಾಸ್ ಹವ್ಯಾಸಿ ವಿಶ್ವ ಚಾಂಪಿಯನ್‌ಷಿಪ್ ಎಂಬುದು 1967ರಿಂದ 1993ರವರೆಗೆ ಪ್ರತಿ ಚಳಿಗಾಲದಲ್ಲಿ ಯುರೋಪಿನಲ್ಲಿ ನಡೆಯುತ್ತಿದ್ದ ಸೈಕಲ್ ಸ್ಪರ್ಧೆ. ಸೈಕ್ಲೋ-ಕ್ರಾಸ್ ವಿಶ್ವ ಚಾಂಪಿಯನ್‌ಷಿಪ್ ಕೂಟದ ಅಂಗವಾಗಿದ್ದ ಈ ಸ್ಪರ್ಧೆಯಲ್ಲಿ ವೃತ್ತಿಪರ ಪರವಾನಗಿ ಇಲ್ಲದ ಸವಾರರು ಮಾತ್ರ ಭಾಗವಹಿಸಬಹುದಾಗಿತ್ತು. ಒಟ್ಟು 27 ಬಾರಿ ನಡೆದ ಈ ಸ್ಪರ್ಧೆಯನ್ನು ಬೆಲ್ಜಿಯಂನ ಸವಾರರು 9 ಬಾರಿ, ಜೆಕೊಸ್ಲೊವಾಕಿಯದ ಸವಾರರು 6 ಬಾರಿ ಗೆದ್ದರು. ಐದು ಬಾರಿ ವಿಜೇತರಾದ ಬೆಲ್ಜಿಯಂನ ರಾಬರ್ಟ್ ವರ್ಮೇರ್ ಅತಿ ಹೆಚ್ಚು ಪ್ರಶಸ್ತಿ ಪಡೆದವರು.

ಹವ್ಯಾಸಿ ಎಂಬ ಹೆಸರಿನಿಂದ ಇದನ್ನು ಎರಡನೆಯ ದರ್ಜೆಯ ಸ್ಪರ್ಧೆ ಎಂದು ಭಾವಿಸುವುದು ಸರಿಯಲ್ಲ. ಇಲ್ಲಿ ಗೆದ್ದವರಲ್ಲಿ ಹಲವರು ಮುಂದೆ ವೃತ್ತಿಪರ ವಿಭಾಗದಲ್ಲಿಯೂ ವಿಶ್ವವಿಜೇತರಾದರು. ಇನ್ನು ಕೆಲವರು ತಮ್ಮ ದೇಶದ ವ್ಯವಸ್ಥೆಯ ಕಾರಣದಿಂದ ಹವ್ಯಾಸಿಗಳೆನಿಸಿಕೊಂಡ, ಸಾಮರ್ಥ್ಯದಲ್ಲಿ ಯಾರಿಗೂ ಕಡಿಮೆಯಿಲ್ಲದ ಸವಾರರಾಗಿದ್ದರು.

ಕ್ರೀಡೆಯ ಸ್ವರೂಪ

ಸೈಕ್ಲೋ-ಕ್ರಾಸ್ ಶರತ್ಕಾಲ ಮತ್ತು ಚಳಿಗಾಲದ ಕ್ರೀಡೆ. ವಿಶ್ವ ಚಾಂಪಿಯನ್‌ಷಿಪ್ ಸಾಮಾನ್ಯವಾಗಿ ಜನವರಿಯ ಕೊನೆಯಲ್ಲಿ ಅಥವಾ ಫೆಬ್ರವರಿಯಲ್ಲಿ ನಡೆಯುತ್ತದೆ. ಹುಲ್ಲುಗಾವಲು, ಕಾಡಿನ ದಾರಿ, ಮರಳು, ಕೆಸರು, ಕಡಿದಾದ ಏರು ಮತ್ತು ಮೆಟ್ಟಿಲುಗಳನ್ನು ಒಳಗೊಂಡ ವರ್ತುಲಾಕಾರದ ಹಾದಿಯನ್ನು ಸವಾರರು ಮತ್ತೆ ಮತ್ತೆ ಸುತ್ತುತ್ತಾರೆ. ಈಗಿನ ನಿಯಮದಂತೆ ಒಂದು ಸುತ್ತಿನ ಉದ್ದ 2.5ರಿಂದ 3.5 ಕಿಲೋಮೀಟರ್. ಸ್ಪರ್ಧೆಯನ್ನು ದೂರದಿಂದಲ್ಲ, ಕಾಲದಿಂದ ಅಳೆಯುವುದು ಈ ಕ್ರೀಡೆಯ ವೈಶಿಷ್ಟ್ಯ. ಪುರುಷರ ಎಲೈಟ್ ವಿಭಾಗದ ಸ್ಪರ್ಧೆ ಸುಮಾರು ಒಂದು ಗಂಟೆ, ಕಿರಿಯರ ಸ್ಪರ್ಧೆ ಸುಮಾರು 40 ನಿಮಿಷ ನಡೆಯುತ್ತದೆ.

ಹಾದಿಯಲ್ಲಿ ಹಲಗೆಯ ಅಡ್ಡಗಟ್ಟುಗಳಿರುತ್ತವೆ. ಅವುಗಳ ಎತ್ತರ 40 ಸೆಂಟಿಮೀಟರ್ ಮೀರಬಾರದು. ಸವಾರನು ವೇಗವನ್ನು ಹೆಚ್ಚು ಕಳೆದುಕೊಳ್ಳದೆ ಸೈಕಲಿನಿಂದ ಇಳಿದು, ಅದನ್ನು ಎತ್ತಿಕೊಂಡು ಹಲಗೆಗಳನ್ನು ಹಾರಿ, ಓಡುತ್ತಲೇ ಮತ್ತೆ ಏರಬೇಕು. ಏರು ಕಡಿದಾಗಿದ್ದಲ್ಲಿ ಅಥವಾ ಕೆಸರು ಆಳವಾಗಿದ್ದಲ್ಲಿ ಸೈಕಲನ್ನು ಹೆಗಲಿಗೇರಿಸಿ ಓಡಬೇಕಾಗುತ್ತದೆ. ಆದುದರಿಂದ ಇದು ಸವಾರಿ ಮತ್ತು ಓಟ ಎರಡನ್ನೂ ಬೇಡುವ ಕ್ರೀಡೆ.

ಸೈಕಲ್ ನೋಟಕ್ಕೆ ರಸ್ತೆಯ ರೇಸಿಂಗ್ ಸೈಕಲಿನಂತೆಯೇ ಇರುತ್ತದೆ. ಟಯರ್‌ಗಳು ಮಾತ್ರ ತುಸು ಅಗಲವಾಗಿ, ಹಿಡಿತಕ್ಕೆಂದು ಉಬ್ಬುಗಳನ್ನು ಹೊಂದಿರುತ್ತವೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಟಯರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ. ಕೆಸರು ಮೆತ್ತಿಕೊಂಡ ಸೈಕಲ್ ಭಾರವಾಗುವುದರಿಂದ ಹಾದಿಯ ಪಕ್ಕದಲ್ಲಿ ಪಿಟ್ ಎಂಬ ನಿಗದಿತ ಸ್ಥಳವಿರುತ್ತದೆ. ಅಲ್ಲಿ ಸವಾರನು ಕೊಳಕಾದ ಸೈಕಲನ್ನು ಸಹಾಯಕನಿಗೆ ಒಪ್ಪಿಸಿ, ತೊಳೆದಿಟ್ಟ ಮತ್ತೊಂದನ್ನು ಪಡೆಯಬಹುದು.

ಚಳಿಗಾಲದ ಹವಾಮಾನ

ಈ ಕ್ರೀಡೆಯಲ್ಲಿ ಹವಾಮಾನವೂ ಫಲಿತಾಂಶವನ್ನು ನಿರ್ಧರಿಸುತ್ತದೆ. ನೆಲ ಪೂರ್ತಿ ಹೆಪ್ಪುಗಟ್ಟಿದ್ದರೆ ಹಾದಿ ಗಟ್ಟಿಯಾಗಿ ವೇಗ ಹೆಚ್ಚುತ್ತದೆ. ಆದರೆ ಹಿಂದಿನ ದಿನ ಚಕ್ರಗಳು ಕೆಸರಿನಲ್ಲಿ ಕೊರೆದ ಗುಂಡಿಗಳು ರಾತ್ರಿಯ ಚಳಿಗೆ ಕಲ್ಲಿನಂತಾಗುತ್ತವೆ. ಅವುಗಳೊಳಗೆ ಸಿಕ್ಕ ಚಕ್ರವನ್ನು ಹೊರಳಿಸುವುದು ಕಷ್ಟ. ಬಿಸಿಲೇರಿದಂತೆ ಮೇಲ್ಪದರ ಮಾತ್ರ ಕರಗಿ, ಕೆಳಗಿನ ಮಣ್ಣು ಹೆಪ್ಪುಗಟ್ಟಿಯೇ ಉಳಿದರೆ ಹಾದಿ ಅತ್ಯಂತ ಜಾರುತ್ತದೆ. ಬೆಳಿಗ್ಗೆ ಮತ್ತು ಮಧ್ಯಾಹ್ನ ಸ್ಪರ್ಧಿಸುವವರಿಗೆ ಒಂದೇ ಹಾದಿ ಎರಡು ಬಗೆಯಾಗಿ ಎದುರಾಗುವುದೂ ಉಂಟು. ಟಯರಿನ ಆಯ್ಕೆ ಮತ್ತು ಅದರೊಳಗಿನ ಗಾಳಿಯ ಒತ್ತಡವನ್ನು ಸವಾರರು ಸ್ಪರ್ಧೆಗೆ ಸ್ವಲ್ಪ ಮೊದಲು ಹಾದಿಯನ್ನು ನೋಡಿಯೇ ನಿರ್ಧರಿಸುತ್ತಾರೆ. ಒತ್ತಡ ಕಡಿಮೆಯಿದ್ದರೆ ಹಿಡಿತ ಹೆಚ್ಚುತ್ತದೆ, ಆದರೆ ಟಯರಿಗೆ ಪೆಟ್ಟು ಬೀಳುವ ಅಪಾಯವೂ ಹೆಚ್ಚುತ್ತದೆ.

ಹಿನ್ನೆಲೆ

ಸೈಕ್ಲೋ-ಕ್ರಾಸ್ ಫ್ರಾನ್ಸಿನಲ್ಲಿ ಹುಟ್ಟಿದ ಕ್ರೀಡೆ. ಅಲ್ಲಿನ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1902ರಲ್ಲಿ ನಡೆಯಿತು. ಸೈನಿಕರಾಗಿದ್ದ ಡೇನಿಯಲ್ ಗೂಸೊ ಅದರ ಸಂಘಟನೆಗೆ ಕಾರಣರೆಂದು ಹೇಳಲಾಗುತ್ತದೆ. ರಸ್ತೆಯ ಸ್ಪರ್ಧೆಗಳಿಲ್ಲದ ತಿಂಗಳುಗಳಲ್ಲಿ ದೇಹವನ್ನು ಸಜ್ಜಾಗಿಡಲು ಸವಾರರು ಇದನ್ನು ಅಭ್ಯಾಸ ಮಾಡುತ್ತಿದ್ದರು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆದು, 1947ರ ಟೂರ್ ಡಿ ಫ್ರಾನ್ಸ್ ವಿಜೇತ ಜೀನ್ ರೋಬಿಕ್ ಪ್ರಶಸ್ತಿ ಗೆದ್ದರು.

1966ರವರೆಗೆ ಹವ್ಯಾಸಿಗಳಿಗೂ ವೃತ್ತಿಪರರಿಗೂ ಒಂದೇ ಸ್ಪರ್ಧೆಯಿತ್ತು. 1965ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಅಡಿಯಲ್ಲಿ ಹವ್ಯಾಸಿಗಳಿಗೆ ಮತ್ತು ವೃತ್ತಿಪರರಿಗೆ ಪ್ರತ್ಯೇಕ ಉಪಸಂಸ್ಥೆಗಳು ಸ್ಥಾಪನೆಯಾದವು. ಆ ಕಾಲದ ಒಲಿಂಪಿಕ್ ಸೈಕ್ಲಿಂಗ್‌ನಲ್ಲಿ ಹವ್ಯಾಸಿಗಳಿಗೆ ಮಾತ್ರ ಪ್ರವೇಶವಿದ್ದುದರಿಂದ ಈ ಭೇದಕ್ಕೆ ಹೆಚ್ಚಿನ ಮಹತ್ತ್ವವಿತ್ತು. 1967ರಲ್ಲಿ ಜ್ಯೂರಿಕ್‌ನಲ್ಲಿ ನಡೆದ ಕೂಟದಿಂದ ಸೈಕ್ಲೋ-ಕ್ರಾಸ್‌ನಲ್ಲಿಯೂ ಎರಡು ಪ್ರತ್ಯೇಕ ಪ್ರಶಸ್ತಿಗಳು ಆರಂಭವಾದವು.

ಗಮನಾರ್ಹ ವಿಜೇತರು

1968ರಲ್ಲಿ ಲಕ್ಸೆಂಬರ್ಗ್‌ನಲ್ಲಿ ನಡೆದ ಕೂಟದಲ್ಲಿ ಬೆಲ್ಜಿಯಂನ ಸಹೋದರರಿಬ್ಬರು ಎರಡೂ ಪ್ರಶಸ್ತಿಗಳನ್ನು ಮನೆಗೆ ಒಯ್ದರು. ಅಣ್ಣ ಎರಿಕ್ ಡೆ ವ್ಲಾಮಿಂಕ್ ವೃತ್ತಿಪರ ವಿಭಾಗದಲ್ಲಿ, ತಮ್ಮ ರೋಜರ್ ಡೆ ವ್ಲಾಮಿಂಕ್ ಹವ್ಯಾಸಿ ವಿಭಾಗದಲ್ಲಿ ಗೆದ್ದರು. ಎರಿಕ್ ಒಟ್ಟು ಏಳು ಬಾರಿ ವಿಶ್ವವಿಜೇತರಾದರು. ರೋಜರ್ 1975ರಲ್ಲಿ ವೃತ್ತಿಪರ ಪ್ರಶಸ್ತಿಯನ್ನೂ ಪಡೆದರು. ಕಲ್ಲುಹಾಸಿನ ದಾರಿಗಳಿಗೆ ಹೆಸರಾದ ಪ್ಯಾರಿಸ್–ರೂಬೆ ರಸ್ತೆ ಸ್ಪರ್ಧೆಯನ್ನು ಅವರು ನಾಲ್ಕು ಬಾರಿ ಗೆದ್ದರು.

ಹವ್ಯಾಸಿ ಪ್ರಶಸ್ತಿಯನ್ನು ಮೆಟ್ಟಿಲಾಗಿಸಿಕೊಂಡವರಲ್ಲಿ ರೋಲ್ಯಾಂಡ್ ಲಿಬೊಟನ್ ಪ್ರಮುಖರು. 1978ರ ಈ ವಿಜೇತರು 1980, 1982, 1983 ಮತ್ತು 1984ರಲ್ಲಿ ವೃತ್ತಿಪರ ವಿಶ್ವವಿಜೇತರಾದರು. ಪಶ್ಚಿಮ ಜರ್ಮನಿಯ ಕ್ಲಾಸ್-ಪೀಟರ್ ಟಾಲರ್ ಎರಡೂ ವಿಭಾಗಗಳಲ್ಲಿ ಎರಡೆರಡು ಬಾರಿ ಗೆದ್ದರು.

1980ರ ದಶಕದಲ್ಲಿ ಜೆಕೊಸ್ಲೊವಾಕಿಯ ಮೇಲುಗೈ ಸಾಧಿಸಿತು. ಮಿಲೋಷ್ ಫಿಶೆರಾ ಮತ್ತು ರಾಡೊಮೀರ್ ಶಿಮೂನೆಕ್ 1981ರಿಂದ 1984ರವರೆಗಿನ ನಾಲ್ಕೂ ಪ್ರಶಸ್ತಿಗಳನ್ನು ಹಂಚಿಕೊಂಡರು. ಪೂರ್ವ ಯುರೋಪಿನ ಸಮಾಜವಾದಿ ದೇಶಗಳಲ್ಲಿ ವೃತ್ತಿಪರ ಕ್ರೀಡೆಗೆ ಅಧಿಕೃತ ಮಾನ್ಯತೆ ಇರಲಿಲ್ಲ. ಪ್ರಭುತ್ವದ ಆಶ್ರಯದಲ್ಲಿ ಪೂರ್ಣಾವಧಿ ತರಬೇತಿ ಪಡೆಯುತ್ತಿದ್ದ ಕ್ರೀಡಾಪಟುಗಳೂ ದಾಖಲೆಯಲ್ಲಿ ಹವ್ಯಾಸಿಗಳೇ ಆಗಿದ್ದರು. 1980ರಲ್ಲಿ ಕಿರಿಯರ ಪ್ರಶಸ್ತಿಯನ್ನು ಗೆದ್ದಿದ್ದ ಶಿಮೂನೆಕ್, 1991ರಲ್ಲಿ ವೃತ್ತಿಪರ ಪ್ರಶಸ್ತಿಯನ್ನೂ ಗೆದ್ದು ಮೂರು ವಿಭಾಗಗಳಲ್ಲಿ ವಿಶ್ವವಿಜೇತರೆನಿಸಿದರು.

ಕೊನೆಯ ವರ್ಷಗಳಲ್ಲಿ ಮೌಂಟನ್ ಬೈಕಿಂಗ್ ಕ್ರೀಡೆಯ ಸವಾರರು ಇಲ್ಲಿ ಯಶಸ್ಸು ಕಂಡರು. 1991ರ ವಿಜೇತ ಥಾಮಸ್ ಫ್ರಿಶ್‌ಕ್ನೆಕ್ಟ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಪಡೆದರು. 1993ರ ವಿಜೇತ ಡೆನ್ಮಾರ್ಕಿನ ಹೆನ್ರಿಕ್ ಜೆರ್ನಿಸ್ ಮೌಂಟನ್ ಬೈಕಿಂಗ್‌ನಲ್ಲಿ ಮೂರು ಬಾರಿ ವಿಶ್ವವಿಜೇತರು.

ವಿಜೇತರ ಪಟ್ಟಿ

1967 – ಮಿಷೆಲ್ ಪೆಲ್ಶಾ (ಫ್ರಾನ್ಸ್)
1968 – ರೋಜರ್ ಡೆ ವ್ಲಾಮಿಂಕ್ (ಬೆಲ್ಜಿಯಂ)
1969 – ರೆನೆ ಡೆ ಕ್ಲರ್ಕ್ (ಬೆಲ್ಜಿಯಂ)
1970, 1971 – ರಾಬರ್ಟ್ ವರ್ಮೇರ್ (ಬೆಲ್ಜಿಯಂ)
1972 – ನಾರ್ಬರ್ಟ್ ಡೆಡೆಕೆರೆ (ಬೆಲ್ಜಿಯಂ)
1973 – ಕ್ಲಾಸ್-ಪೀಟರ್ ಟಾಲರ್ (ಪಶ್ಚಿಮ ಜರ್ಮನಿ)
1974, 1975 – ರಾಬರ್ಟ್ ವರ್ಮೇರ್ (ಬೆಲ್ಜಿಯಂ)
1976 – ಕ್ಲಾಸ್-ಪೀಟರ್ ಟಾಲರ್ (ಪಶ್ಚಿಮ ಜರ್ಮನಿ)
1977 – ರಾಬರ್ಟ್ ವರ್ಮೇರ್ (ಬೆಲ್ಜಿಯಂ)
1978 – ರೋಲ್ಯಾಂಡ್ ಲಿಬೊಟನ್ (ಬೆಲ್ಜಿಯಂ)
1979 – ವಿಟೊ ಡಿ ಟಾನೊ (ಇಟಲಿ)
1980 – ಫ್ರಿಟ್ಜ್ ಸಲಾಡಿನ್ (ಸ್ವಿಟ್ಜರ್ಲೆಂಡ್)
1981, 1982 – ಮಿಲೋಷ್ ಫಿಶೆರಾ (ಜೆಕೊಸ್ಲೊವಾಕಿಯ)
1983, 1984 – ರಾಡೊಮೀರ್ ಶಿಮೂನೆಕ್ (ಜೆಕೊಸ್ಲೊವಾಕಿಯ)
1985 – ಮೈಕ್ ಕ್ಲೂಗೆ (ಪಶ್ಚಿಮ ಜರ್ಮನಿ)
1986 – ವಿಟೊ ಡಿ ಟಾನೊ (ಇಟಲಿ)
1987 – ಮೈಕ್ ಕ್ಲೂಗೆ (ಪಶ್ಚಿಮ ಜರ್ಮನಿ)
1988 – ಕಾರೆಲ್ ತ್ಸಮರ್ದಾ (ಜೆಕೊಸ್ಲೊವಾಕಿಯ)
1989 – ಓಂದ್ರೆಯ್ ಗ್ಲಾಯ್ಜಾ (ಜೆಕೊಸ್ಲೊವಾಕಿಯ)
1990 – ಆಂಡ್ರಿಯಾಸ್ ಬ್ಯೂಸರ್ (ಸ್ವಿಟ್ಜರ್ಲೆಂಡ್)
1991 – ಥಾಮಸ್ ಫ್ರಿಶ್‌ಕ್ನೆಕ್ಟ್ (ಸ್ವಿಟ್ಜರ್ಲೆಂಡ್)
1992 – ಡಾನಿಯೆಲೆ ಪೊಂಟೋನಿ (ಇಟಲಿ)
1993 – ಹೆನ್ರಿಕ್ ಜೆರ್ನಿಸ್ (ಡೆನ್ಮಾರ್ಕ್)

ರದ್ದತಿ

ಸಮಾಜವಾದಿ ಆಡಳಿತಗಳು ಕುಸಿದ ಮೇಲೆ ಮತ್ತು ಒಲಿಂಪಿಕ್ ನಿಯಮಗಳು ಸಡಿಲಗೊಂಡ ಮೇಲೆ ಹವ್ಯಾಸಿ–ವೃತ್ತಿಪರ ಎಂಬ ಗೆರೆ ಅರ್ಥ ಕಳೆದುಕೊಂಡಿತು. ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಎರಡು ಉಪಸಂಸ್ಥೆಗಳನ್ನು ಮತ್ತೆ ಒಂದಾಗಿಸಿತು. 1994ರಲ್ಲಿ ಬೆಲ್ಜಿಯಂನ ಕಾಕ್ಸೈಡೆಯಲ್ಲಿ ನಡೆದ ಕೂಟದಲ್ಲಿ ಎರಡೂ ವಿಭಾಗಗಳು ವಿಲೀನಗೊಂಡವು. ಅಲ್ಲಿ ಪಾಲ್ ಹೆರೈಗರ್ಸ್ ಗೆದ್ದರು. ಮುಂದೆ ಸಂಭಾವನೆಯ ಬದಲು ವಯಸ್ಸೇ ವಿಂಗಡಣೆಯ ಆಧಾರವಾಯಿತು. 23 ವರ್ಷದೊಳಗಿನವರ ಸ್ಪರ್ಧೆ 1996ರಲ್ಲಿ ಆರಂಭವಾಯಿತು. ಹವ್ಯಾಸಿ ಪ್ರಶಸ್ತಿ ಇದ್ದ 27 ವರ್ಷಗಳಲ್ಲಿ ಮಹಿಳೆಯರಿಗೆ ವಿಶ್ವ ಪ್ರಶಸ್ತಿ ಇರಲಿಲ್ಲ. ಅವರ ಮೊದಲ ಸ್ಪರ್ಧೆ ನಡೆದುದು 2000ದಲ್ಲಿ. ಅದನ್ನು ಜರ್ಮನಿಯ ಹಂಕಾ ಕುಪ್ಫರ್‌ನಾಗೆಲ್ ಗೆದ್ದರು.

ಇಂದಿನ ಹವ್ಯಾಸಿಗಳು

ಬೇರೆ ಉದ್ಯೋಗದಲ್ಲಿದ್ದು ಬಿಡುವಿನ ವೇಳೆಯಲ್ಲಿ ಸ್ಪರ್ಧಿಸುವವರು ಇಂದು ಮುಖ್ಯವಾಗಿ ಮಾಸ್ಟರ್ಸ್ ಎಂಬ ಹಿರಿಯ ವಯೋಮಾನದ ವಿಭಾಗಗಳಲ್ಲಿ ಪಾಲ್ಗೊಳ್ಳುತ್ತಾರೆ. ಈ ಸವಾರರಲ್ಲಿ ಹೆಚ್ಚಿನವರಿಗೆ ಪಿಟ್‌ನಲ್ಲಿ ಕಾಯುವ ತಂಡವಾಗಲಿ, ಹಲವು ಸೈಕಲ್‌ಗಳಾಗಲಿ ಇರುವುದಿಲ್ಲ. ಕುಟುಂಬದವರು ಅಥವಾ ಗೆಳೆಯರೇ ಸೈಕಲ್ ತೊಳೆದುಕೊಡುತ್ತಾರೆ.

2013ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಮಾಸ್ಟರ್ಸ್ ವಿಶ್ವ ಸ್ಪರ್ಧೆಗಳ ಬೆನ್ನಿಗೇ ಎಲೈಟ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಎಲೈಟ್ ಕೂಟ ಯುರೋಪಿನ ಹೊರಗೆ ನಡೆದುದು ಅದೇ ಮೊದಲು. ಓಹಾಯೊ ನದಿಯ ಪ್ರವಾಹದ ಭೀತಿಯಿಂದ ಎರಡು ದಿನಗಳ ಕಾರ್ಯಕ್ರಮವನ್ನು ಫೆಬ್ರವರಿ 2ರ ಒಂದೇ ದಿನಕ್ಕೆ ಕುಗ್ಗಿಸಲಾಯಿತು. ಹಿಮ ಮತ್ತು ಕೆಸರಿನ ಹಾದಿಯಲ್ಲಿ ಪುರುಷರ ವಿಭಾಗದಲ್ಲಿ ಸ್ವೆನ್ ನೈಸ್, ಮಹಿಳೆಯರ ವಿಭಾಗದಲ್ಲಿ ಮರಿಯಾನೆ ವೋಸ್ ಗೆದ್ದರು.