ಟರ್ಮಿನಲ್, ಕನ್ಸೋಲ್ ಮತ್ತು ಕನ್ನಡ ಲಿಪಿ: ಒಂದು ಐತಿಹಾಸಿಕ ಸಮೀಕ್ಷೆ

ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರದ ವೇಗವನ್ನೂ ನಿರ್ಮಾತೃಗಳ ಪ್ರತಿಭೆಯನ್ನೂ ವರ್ಣಿಸುತ್ತಾರೆ. ಮನುಷ್ಯನು ಯಂತ್ರಕ್ಕೆ ಆಜ್ಞೆ ಮಾಡಿದ ಬಗೆಯನ್ನು ಕುರಿತು ಹೇಳುವುದು ಕಡಮೆ. ಸಾಲುಸಾಲಾಗಿ ಆಜ್ಞೆಗಳನ್ನು ಬರೆಯುವ ಟರ್ಮಿನಲ್ಲನ್ನು ಮೈಸೂರಿನ ಕಾಲೇಜುಗಳ ವಿದ್ಯಾರ್ಥಿಗಳು ಇಂದಿಗೂ ಅಭ್ಯಾಸ ಮಾಡುತ್ತಾರೆ. ಈ ರೂಪ ಎಲ್ಲಿಂದ ಬಂದಿತು, ಕನ್ನಡ ಲಿಪಿಗೆ ಅದರಲ್ಲಿ ಸಲೀಸಾಗಿ ಸ್ಥಳ ದೊರೆಯದಿರಲು ಕಾರಣವೇನು ಎಂಬೆರಡು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡುತ್ತೇವೆ.

ಮೊದಲು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ಕನ್ಸೋಲ್ ಎಂದರೆ ಯಂತ್ರಕ್ಕೆ ನೇರವಾಗಿ ಜೋಡಿಸಿದ, ಮೇಲ್ವಿಚಾರಕನ ಪೀಠ. ಯಂತ್ರವನ್ನು ಚಾಲೂ ಮಾಡುವಾಗಿನ ಸೂಚನೆಗಳೂ ದೋಷಗಳ ವರದಿಯೂ ಬರುವುದು ಅಲ್ಲಿಗೆ. ಟರ್ಮಿನಲ್ ಎಂದರೆ ತಂತಿಯ ತುದಿ. ದೂರದಲ್ಲಿರುವವನು ಅಲ್ಲಿಂದಲೇ ಕೆಲಸಮಾಡಬಹುದು. ಇವೆರಡೂ ಬರೆದುದನ್ನು ಸಾಗಿಸುತ್ತವೆ, ತೋರಿಸುತ್ತವೆ, ಅರ್ಥಮಾಡಿಕೊಳ್ಳುವುದಿಲ್ಲ. ಆ ಕೆಲಸ ಷೆಲ್ ಎಂಬ ಪ್ರೋಗ್ರಾಮಿನದು. ಹಳೆಯ ಮೈಸೂರಿನ ತಾಲ್ಲೂಕು ಕಚೇರಿಗೆ ಹೋಲಿಸುವುದಾದರೆ, ಅರ್ಜಿ ಸಲ್ಲಿಸುವ ಕಿಟಕಿ ಟರ್ಮಿನಲ್. ಅದನ್ನು ಓದಿ ಮುಂದಕ್ಕೆ ಕಳುಹಿಸುವ ಶಿರಸ್ತೇದಾರ ಷೆಲ್. ಹುಕುಂ ನಡೆಸುವ ಅಮಲ್ದಾರ ಕರ್ನಲ್. ಅಮಲ್ದಾರನ ಮೇಜಿನ ಪಕ್ಕದ ಕುರ್ಚಿಯೇ ಕನ್ಸೋಲ್.

ಟರ್ಮಿನಲ್ಲಿನ ವಂಶಾವಳಿಯನ್ನು ಹುಡುಕಿದರೆ ನಾವು ತಂತಿ ಕಚೇರಿಗೆ ಹೋಗಿ ನಿಲ್ಲುತ್ತೇವೆ. ೧೮೭೪ರಲ್ಲಿ ಫ್ರಾನ್ಸಿನ ಎಮಿಲ್ ಬೋದೋ ಐದು ಘಟಕಗಳ ತಂತಿ ಸಂಕೇತಕ್ಕೆ ಹಕ್ಕುಪತ್ರ ಪಡೆದನು. ಇಂತಹ ಸಂಕೇತಗಳ ಆಧಾರದ ಮೇಲೆ ಬೆಳೆದ ಟೆಲಿಪ್ರಿಂಟರೇ ಮುಂದೆ ಗಣಕಯಂತ್ರಕ್ಕೆ ಜೋಡಣೆಯಾಯಿತು. ೧೯೬೧ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಕಾರ್ಬಾಟೋ ಮತ್ತು ಅವರ ಸಹೋದ್ಯೋಗಿಗಳು ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಮೈಸೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು ಆರಂಭವಾದ ೧೯೬೩ರಲ್ಲಿಯೇ ೧೨೮ ಸ್ಥಾನಗಳ ಆಸ್ಕಿ ಸಂಕೇತವೂ ಟೆಲಿಟೈಪ್ ೩೩ ಯಂತ್ರವೂ ಹೊರಬಂದವು. ಆ ಯಂತ್ರ ಸೆಕೆಂಡಿಗೆ ೧೦ ಅಕ್ಷರಗಳನ್ನು, ಅದೂ ದೊಡ್ಡಕ್ಷರಗಳನ್ನು ಮಾತ್ರ, ಮುದ್ರಿಸುತ್ತಿತ್ತು. ೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಯೂನಿಕ್ಸ್ ಜನಿಸಿದುದು ಇಂತಹ ಯಂತ್ರಗಳ ಸನ್ನಿಧಿಯಲ್ಲಿ. ಎಲ್‌ಎಸ್, ಸಿಪಿ, ಎಂವಿ ಎಂಬ ಎರಡೆರಡು ಅಕ್ಷರಗಳ ಆಜ್ಞೆಗಳು ನಿಧಾನವಾದ ಕೀಲಿಮಣೆಯ ಮೇಲೆ ದುಡಿದವರ ಮಿತವ್ಯಯವನ್ನು ನೆನಪಿಗೆ ತರುತ್ತವೆ. ಟೆಲಿಟೈಪ್ ಎಂಬ ಹೆಸರಿನ ಸಂಕ್ಷೇಪವಾದ ಟಿಟಿವೈ ಇಂದಿನ ಲಿನಕ್ಸಿನಲ್ಲಿಯೂ ಉಳಿದಿದೆ. ಮುದ್ರಣದ ಗಾಲಿಯನ್ನು ಸಾಲಿನ ಆರಂಭಕ್ಕೆ ತರುವ, ಕಾಗದವನ್ನು ಒಂದು ಸಾಲು ಸರಿಸುವ, ಗಂಟೆ ಬಾರಿಸುವ ಸಂಕೇತಗಳೂ ಹಾಗೆಯೇ ಉಳಿದಿವೆ. ಗಾಲಿಯೂ ಕಾಗದವೂ ಗಂಟೆಯೂ ಇಲ್ಲ.

೧೯೭೮ರಲ್ಲಿ ಬಂದ ವಿಟಿ೧೦೦ ಟರ್ಮಿನಲ್ ತೆರೆಯನ್ನು ೮೦ ಕಂಬಗಳ, ೨೪ ಸಾಲುಗಳ ಚೌಕಟ್ಟಾಗಿ ಬಳಸಿತು. ಪ್ರತಿ ಮನೆಯಲ್ಲಿಯೂ ಒಂದು ಅಕ್ಷರ, ಎಲ್ಲ ಮನೆಗಳಿಗೂ ಒಂದೇ ಅಗಲ: ಇದು ರೋಮನ್ ಬೆರಳಚ್ಚಿನ ನಿಯಮ. ಕನ್ನಡಕ್ಕೆ ತೊಡಕಾದುದು ಇಲ್ಲಿಯೇ. 'ಮೈಸೂರು' ಎಂಬ ಪದದಲ್ಲಿ ಮೂರು ಅಕ್ಷರಗಳಿವೆ. ಯೂನಿಕೋಡಿನಲ್ಲಿ ಅದಕ್ಕೆ ೬ ಸಂಕೇತಗಳು ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೂ ೬ ಸಂಕೇತಗಳೇ ಬೇಕು. ಹೀಗಿರಲಾಗಿ ಸಂಕೇತಗಳನ್ನೆಣಿಸಿ ಮನೆಗಳನ್ನು ಹಂಚುವ ಕ್ರಮ ಕನ್ನಡದಲ್ಲಿ ಸಾಗದು. ಒತ್ತಕ್ಷರ ಕೆಳಕ್ಕಿಳಿಯುತ್ತದೆ, ದೀರ್ಘ ಬಲಕ್ಕೆ ಚಾಚುತ್ತದೆ. ಇದನ್ನು ಲಿಪಿಯ ದೋಷವೆಂದು ಹೇಳುವುದು ಸರಿಯಲ್ಲ. ತಂತಿ ಕಚೇರಿಯಿಂದ ಬಂದ ಚೌಕಟ್ಟಿನ ಮಿತಿ ಅದು.

ಪರಿಹಾರದ ಯತ್ನಗಳು ನಮ್ಮ ದೇಶದಲ್ಲಿ ನಡೆಯದೆ ಇರಲಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರವು ಯಂತ್ರದೊಳಗೆ ಸೇರಿಸುವ ಕಾರ್ಡಿನ ಮೂಲಕ ಭಾರತೀಯ ಲಿಪಿಗಳನ್ನು ತೆರೆಗೆ ತಂದಿತು. ೧೯೯೧ರಲ್ಲಿ ಇಸ್ಕಿ ಸಂಕೇತ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ಯೂನಿಕ್ಸ್ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಮ್ಸನ್ ಅವರೇ ೧೯೯೨ರಲ್ಲಿ ರಾಬ್ ಪೈಕ್ ಅವರೊಡನೆ ಯುಟಿಎಫ್-೮ ಕ್ರಮವನ್ನು ರೂಪಿಸಿದುದರಿಂದ ಇಂದು ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದಾಗಿದೆ. ಆದರೂ ಲಿನಕ್ಸಿನ ಮೂಲ ಕನ್ಸೋಲ್ ಏಕಕಾಲಕ್ಕೆ ೫೧೨ ಅಕ್ಷರರೂಪಗಳನ್ನು ಮೀರಲಾರದು. ಒತ್ತಕ್ಷರಗಳನ್ನು ಜೋಡಿಸಲೂ ಆರದು. ಕಿಟಕಿಯಲ್ಲಿ ಪ್ರವೇಶ ಪಡೆದ ಕನ್ನಡಕ್ಕೆ ಅಮಲ್ದಾರನ ಮೇಜಿನ ಬಳಿ ಇನ್ನೂ ಕುರ್ಚಿಯಿಲ್ಲ.

ಚರಿತ್ರೆಯ ಅಧ್ಯಾಪಕರಿಗೆ ಇದರಲ್ಲಿ ಇನ್ನೊಂದು ಚಿಂತೆಯೂ ಇದೆ. ಟೆಲಿಟೈಪಿನಲ್ಲಿ ಆಜ್ಞೆ ಮತ್ತು ಉತ್ತರ ಎರಡೂ ಕಾಗದದ ಸುರುಳಿಯ ಮೇಲೆ ಉಳಿಯುತ್ತಿದ್ದವು. ತೆರೆ ಬಂದ ಮೇಲೆ ಅವು ಮೇಲಕ್ಕೆ ಸರಿದು ಮರೆಯಾದವು. ಷೆಲ್ ಆಜ್ಞೆಗಳ ಪಟ್ಟಿಯನ್ನು ಇಟ್ಟುಕೊಂಡರೂ ಮಿತಿ ಮೀರಿದೊಡನೆ ಹಳೆಯವನ್ನು ಕಳೆಯುತ್ತದೆ. ಯಂತ್ರ ನೀಡಿದ ಉತ್ತರಗಳನ್ನಂತೂ ಇಡುವುದೇ ಇಲ್ಲ. ಶಾಸನದ ಒಡೆದ ತುಂಡನ್ನೂ ಜೋಪಾನಮಾಡುವ ನಾವು ಹಳೆಯ ಟರ್ಮಿನಲ್ಲುಗಳನ್ನೂ ಕೈಪಿಡಿಗಳನ್ನೂ ಮುದ್ರಿತ ಹಾಳೆಗಳನ್ನೂ ಗುಜರಿಗೆ ಕಳುಹಿಸುವುದು ಯುಕ್ತವಲ್ಲ. ಪ್ರತಿ ಕಾಲೇಜೂ ತನ್ನಲ್ಲಿರುವ ಇಂತಹ ಸಾಮಗ್ರಿಯ ಒಂದು ಪಟ್ಟಿಯನ್ನಾದರೂ ಸಿದ್ಧಪಡಿಸಿದರೆ, ಕನ್ನಡವು ಯಂತ್ರದ ಬಾಗಿಲನ್ನು ತಟ್ಟಿದ ಕಾಲದ ಆಕರಗಳು ಮುಂದಿನ ಸಂಶೋಧಕರಿಗೆ ದೊರೆಯುವುವು.