ದಿನ ಹಿಗ್ಗಿ ದಿನಮಾನ

"ಏನ್ ದಿನಮಾನ ಬಂದ್ವಪ್ಪಾ!" ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಯಾರಾದರೂ ಹೀಗೆ ನಿಟ್ಟುಸಿರಿಟ್ಟರೆ ಪಕ್ಕದವರು ಕ್ಯಾಲೆಂಡರ್ ನೋಡುವುದಿಲ್ಲ, "ಹೌದ್ ಬಿಡ್ರಿ" ಎನ್ನುತ್ತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ದಿನಮಾನವೆಂದರೆ ಕಾಲ, ಜಮಾನ. ಪಂಚಾಂಗದಲ್ಲಿ ಅದೇ ಪದ ಒಂದು ಹಗಲಿನ ಅಳತೆ ಮಾತ್ರ. ಅಳತೆಗೋಲು ಯುಗವಾದದ್ದು ಹೇಗೆ? ಹಗಲು ಹಿಗ್ಗಿ ಕುಗ್ಗುವುದರಲ್ಲೇ ಮಳೆ-ಬೇಸಿಗೆ ಗುರುತಿಸುತ್ತಿದ್ದ ರೈತನ ಕೆಲಸವಿದು ಎಂಬುದು ನನ್ನ ಗುಮಾನಿ. ಪಂಡಿತರು ಒಪ್ಪದಿದ್ದರೆ ಬಿಡಲಿ.

ದಿನವೂ ಇಲ್ಲಿ ಇಪ್ಪತ್ನಾಲ್ಕು ಗಂಟೆಗೆ ಕಟ್ಟುಬಿದ್ದದ್ದಲ್ಲ. ಬಸುರಿಗೆ 'ದಿನ ತುಂಬ್ಯಾವ' ಎಂದರೆ ಒಂಬತ್ತು ತಿಂಗಳು.

ಈ ತಾಲ್ಲೂಕುಗಳೆಲ್ಲ ಹಳೇ ಬಳ್ಳಾರಿ ಜಿಲ್ಲೆಯವು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕುಳಿತರು. ಇಡೀ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ಅದೇ ವರ್ಷದ ಡಿಸೆಂಬರ್ 27ರಂದು ಡಾರ್ವಿನ್ ಬೀಗಲ್ ಹಡಗಿನಲ್ಲಿ ಹೊರಟರು! ಬೈಬಲ್ಲಿನ ಆದಿಕಾಂಡದ ಆರು ದಿನಗಳ ಸೃಷ್ಟಿಗೂ ಕೋಟ್ಯಂತರ ವರ್ಷಗಳ ಜೀವವಿಕಾಸಕ್ಕೂ ಮುಂದೆ ಜಗಳ ಹತ್ತಿತು. ರಾಜಿಗೆ ಬಂದವರು ಹೀಬ್ರೂವಿನ 'ಯೋಮ್' ಪದ ಹಿಡಿದರು. ಅದು ಹಗಲೂ ಹೌದು, ದಿನವೂ ಹೌದು, ಕಾಲವೂ ಹೌದು. ಎರಡನೇ ಅಧ್ಯಾಯದಲ್ಲಿ ಇಡೀ ಸೃಷ್ಟಿಗೆ ಒಂದೇ ಯೋಮ್. ಸೂರ್ಯ ಹುಟ್ಟಿದ್ದೇ ನಾಲ್ಕನೆಯ ದಿನವಾದರೆ ಮೊದಲ ಮೂರು ಎಂಥ ದಿನಗಳು ಎಂದು ಸಂತ ಆಗಸ್ಟೀನ್ ಡಾರ್ವಿನ್‌ಗಿಂತ ಹದಿನಾಲ್ಕು ಶತಮಾನ ಮೊದಲೇ ತಲೆ ಕೆರೆದುಕೊಂಡಿದ್ದರು. ಬಳ್ಳಾರಿಯಲ್ಲಿ 'ದಿನಮಾನ' ಎಂದು ಬರೆದುಬಿಟ್ಟಿದ್ದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತಿತ್ತು. ಆದರೆ ಪ್ರತಿ ದಿನಕ್ಕೂ ಸಂಜೆ-ಮುಂಜಾವು ಅಂಟಿಕೊಂಡಿವೆಯಲ್ಲ!

ಹೊತ್ತಿನ ಲೆಕ್ಕಕ್ಕೆ ನಮ್ಮಲ್ಲೂ ಒಂದು ಗಾದೆಯಿದೆ: ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗಾದೆಯನ್ನು ದೊಣ್ಣೆಯ ಕಡೆಯಿಂದಲೇ ಓದುತ್ತಾರೆ. ವರುಷ ಯಾಕೆ ಎಂದು ಕೇಳುವವರಿಲ್ಲ. ತಿಗರಿಯ ಮೇಲೆ ಗಡಿಗೆ ಏಳಲು ಕೆಲವೇ ನಿಮಿಷ ಸಾಕು. ಆದರೆ ಕೆರೆ ಬತ್ತಿದಾಗ ಮಣ್ಣು ತರಬೇಕು, ಹರಳು ಆರಿಸಬೇಕು, ನೆನೆಹಾಕಿ ತುಳಿಯಬೇಕು. ತಿಗರಿಯಿಂದ ಇಳಿದದ್ದಕ್ಕೆ ತಳವಿರುವುದಿಲ್ಲ. ಒಳಗೆ ಗುಂಡುಕಲ್ಲು ಹಿಡಿದು, ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ತಳ ಕೂಡಿಸಬೇಕು. ನೆರಳಲ್ಲಿ ಆರಬೇಕು. ಆವಿಗೆ ಹೊತ್ತಿಸುವ ದಿನ ಮಳೆ ಬಂದರೆ ಅಷ್ಟೂ ಮಣ್ಣುಪಾಲು. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ಮಣ್ಣಿನಿಂದ ರೂಪಿಸುವಾಗ ಬಳಸಿದ ಹೀಬ್ರೂ ಕ್ರಿಯಾಪದವೂ ಕುಂಬಾರನದೇ. ಹೀಬ್ರೂವಿನಲ್ಲಿ ಕುಂಬಾರನಿಗಿರುವ ಪದ ಅದೇ ಧಾತುವಿನದು.

ಹಾಗಾದರೆ ಸೃಷ್ಟಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದು ದೊಡ್ಡ ಜಗಳವೇ ಅಲ್ಲ. ಯಾವುದು ಮೊದಲು, ಯಾವುದು ಆಮೇಲೆ? ಮೊದಲು ಆವಿಗೆ, ಆಮೇಲೆ ತಿಗರಿ ಎಂದರೆ ಕುಂಬಾರ ನಕ್ಕಾನು. ಆದಿಕಾಂಡದಲ್ಲಿ ಹಣ್ಣಿನ ಮರ ಮೂರನೆಯ ದಿನ, ಸೂರ್ಯ ನಾಲ್ಕನೆಯ ದಿನ. ಹಕ್ಕಿಗಳು ಐದನೆಯ ದಿನ, ನೆಲದ ಪ್ರಾಣಿಗಳು ಆರನೆಯ ದಿನ. ಪಳೆಯುಳಿಕೆಗಳ ಪ್ರಕಾರ ನೆಲದ ಡೈನೋಸಾರ್‌ಗಳಿಂದಲೇ ಹಕ್ಕಿಗಳು ಬಂದವು. ದಿನವನ್ನು ಎಷ್ಟು ಹಿಗ್ಗಿಸಿದರೂ ಸರದಿ ಬದಲಾಗದು. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ, ನೋಡಿದಿರಾ ಎಂದು ಬೀಗುವವರಿಗೂ ಇದೇ ಮಾತು.

ಈಗ ವಿಕಾಸವೆಂದರೆ ರಸ್ತೆ, ಚರಂಡಿ. ದಿನ ಹೋಗಿ 'ಡೇ' ಬಂದಿದೆ: ಮದರ್ಸ್ ಡೇ, ಎಥ್ನಿಕ್ ಡೇ. "ಡೇ ಒನ್‌ನಿಂದ್ಲೂ ಹೇಳ್ತಾ ಇದೀನಿ" ಎನ್ನುವ ಹುಡುಗನನ್ನು, ಆ ಡೇ ಒನ್‌ನಲ್ಲಿ ಸೂರ್ಯನಿದ್ದನೇನಪ್ಪಾ ಎಂದು ಕೇಳಿ ನೋಡಿ. ಮೊಬೈಲಿನಿಂದ ತಲೆ ಎತ್ತುವುದಿಲ್ಲ.