ಹಟ್ಟಿಕೇರಿ ಟೋಲ್ ನಾಕಾ ವಿರೋಧ

ಹಟ್ಟಿಕೇರಿ ಟೋಲ್ ನಾಕಾ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನಲ್ಲಿ, ಅಂಕೋಲಾ ಮತ್ತು ಕಾರವಾರಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. 2020ರಲ್ಲಿ ಇಲ್ಲಿ ಸುಂಕ ವಸೂಲಿ ಶುರುವಾಯಿತು. ಸ್ಥಳೀಯರ ವಿರೋಧವೂ ಅಂದಿನಿಂದಲೇ ಇದೆ. ಆ ವಿರೋಧದ ಹಿಂದೆ ಎರಡು ಮಾತುಗಳಿವೆ: ರಸ್ತೆ ಪೂರ್ತಿಯಾಗುವ ಮೊದಲೇ ಹಣ ಕೇಳಿದ್ದು ಸರಿಯಲ್ಲ, ಬೇರೆ ದಾರಿಯೇ ಇಲ್ಲದ ಊರಿನವರಿಂದ ಹಣ ಕೇಳುವುದು ಅದಕ್ಕಿಂತಲೂ ಸರಿಯಲ್ಲ.

ಈ ಹೆದ್ದಾರಿಯ ಹಳೆಯ ಸಂಖ್ಯೆ 17. ಹಿರಿಯರ ಬಾಯಲ್ಲಿ ಈಗಲೂ ಅದು ಎನ್‌ಎಚ್ ಹದಿನೇಳೇ. ಗೋವಾ ಗಡಿಯಿಂದ ಕುಂದಾಪುರದವರೆಗಿನ ಸುಮಾರು 190 ಕಿ.ಮೀ. ಭಾಗವನ್ನು ಚತುಷ್ಪಥವಾಗಿಸುವ ಗುತ್ತಿಗೆಯನ್ನು ಐಆರ್‌ಬಿ ಸಮೂಹದ ಕಂಪನಿಗೆ ವಹಿಸಲಾಯಿತು. ಕೆಲಸ 2014ರಲ್ಲಿ ಶುರುವಾಯಿತು. ಕಂಪನಿ ರಸ್ತೆ ಕಟ್ಟಬೇಕು, ನಿರ್ವಹಿಸಬೇಕು, ಗುತ್ತಿಗೆಯ ಅವಧಿ ಮುಗಿಯುವ ತನಕ ಸುಂಕ ಎತ್ತಿ ಬಂಡವಾಳವನ್ನೂ ಲಾಭವನ್ನೂ ಹಿಂಪಡೆಯಬೇಕು. ಇದಕ್ಕಾಗಿ ಮೂರು ನಾಕಾಗಳು ಬಂದವು: ಅಂಕೋಲಾ ತಾಲ್ಲೂಕಿನ ಹಟ್ಟಿಕೇರಿ, ಕುಮಟಾ ತಾಲ್ಲೂಕಿನ ಹೊಳೆಗದ್ದೆ, ಉಡುಪಿ ಜಿಲ್ಲೆ ಬೈಂದೂರು ತಾಲ್ಲೂಕಿನ ಶಿರೂರು. ಅಂಕೋಲಾ ತಾಲ್ಲೂಕಿನಲ್ಲೂ ಒಂದು ಶಿರೂರು ಇದೆ. 2024ರ ಗುಡ್ಡ ಕುಸಿತದ ಶಿರೂರು ಅದು. ಹೊರಗಿನವರು ಎರಡನ್ನೂ ಒಂದೆಂದು ತಿಳಿಯುವುದು ಸಾಮಾನ್ಯ.

ಇಂಥ ಗುತ್ತಿಗೆಗಳಲ್ಲಿ ರಸ್ತೆ ನೂರಕ್ಕೆ ನೂರು ಮುಗಿಯಬೇಕೆಂಬ ನಿಯಮವಿಲ್ಲ. ಮುಕ್ಕಾಲು ಭಾಗ ಮುಗಿದರೆ ತಾತ್ಕಾಲಿಕ ಪೂರ್ಣತಾ ಪತ್ರ ಸಿಗುತ್ತದೆ, ವಸೂಲಿಗೆ ದಾರಿಯಾಗುತ್ತದೆ. ಕಾಗದದ ಮೇಲೆ ಮುಕ್ಕಾಲು ಭಾಗ ಎಂದರೆ ದೊಡ್ಡ ಪಾಲು. ಆದರೆ ಊರಿನವರ ಪಾಲಿಗೆ ಬಂದದ್ದು ಉಳಿದ ಕಾಲು ಭಾಗ: ಆಗದ ಸರ್ವಿಸ್ ರಸ್ತೆ, ಬಾರದ ಮೇಲ್ಸೇತುವೆ, ಮಳೆಗಾಲದಲ್ಲಿ ಮನೆಯಂಗಳಕ್ಕೆ ನೀರು ನುಗ್ಗಿಸುವ ಚರಂಡಿ, ಶಾಲೆಯ ಮಕ್ಕಳು ನಾಲ್ಕು ಸಾಲು ವಾಹನಗಳ ನಡುವೆ ಓಡಿ ದಾಟಬೇಕಾದ ಜಾಗ. ಪ್ರತಿಭಟನೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಬೇಡಿಕೆ 'ಮೊದಲು ಕಾಮಗಾರಿ, ಆಮೇಲೆ ಟೋಲ್' ಎಂಬುದು.

ಎರಡನೆಯ ತಕರಾರಿಗೆ ಕಾರಣ ಇಲ್ಲಿನ ನೆಲದ ರಚನೆ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ, ನಡುವೆ ಕಿರಿದಾದ ಪಟ್ಟಿ. ಉದ್ದಕ್ಕೂ ಸಾಗುವ ಹೆದ್ದಾರಿ ಒಂದೇ. ಹೊಸ ಹೆದ್ದಾರಿ ಪ್ರತ್ಯೇಕ ಜಾಗದಲ್ಲಿ ಬಂದದ್ದಲ್ಲ. ಬಹುಪಾಲು ಕಡೆ ಹಳೆಯ ರಸ್ತೆಯನ್ನೇ ಅಗಲ ಮಾಡಲಾಗಿದೆ. ಹೀಗಾಗಿ ಸುಂಕವಿಲ್ಲದೆ ಓಡಾಡುತ್ತಿದ್ದ ದಾರಿ ಸುಂಕದ ದಾರಿಯೊಳಗೆ ಕರಗಿಹೋಯಿತು. ಅಂಕೋಲಾ ಪಟ್ಟಣದ ಮಗ್ಗುಲಿನ ಬೊಬ್ರುವಾಡದವರು ಜಿಲ್ಲಾಧಿಕಾರಿ ಕಚೇರಿಗೆ, ಜಿಲ್ಲಾ ನ್ಯಾಯಾಲಯಕ್ಕೆ, ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಾರಿನಲ್ಲಿ ಹೊರಟರೆ ಹಟ್ಟಿಕೇರಿಯನ್ನು ದಾಟಲೇಬೇಕು. ಭಟ್ಕಳದವರು ತಮ್ಮದೇ ಜಿಲ್ಲಾ ಕೇಂದ್ರ ಮುಟ್ಟುವಷ್ಟರಲ್ಲಿ ಹೊಳೆಗದ್ದೆ, ಹಟ್ಟಿಕೇರಿ ಎರಡೂ ಕಡೆ ಹಣ ತೆರುತ್ತಾರೆ. ಅಂಕೋಲಾದಿಂದ ರೋಗಿಯನ್ನು ಮಣಿಪಾಲಕ್ಕೆ ಕರೆದೊಯ್ಯುವ ಬಾಡಿಗೆ ಕಾರು ಹೊಳೆಗದ್ದೆ, ಶಿರೂರು, ಸಾಸ್ತಾನ ಮೂರನ್ನೂ ದಾಟುತ್ತದೆ. ಬಾಡಿಗೆಯ ಲೆಕ್ಕದಲ್ಲಿ ಈ ಹಣ ಸೇರುವುದು ರೋಗಿಯ ಮನೆಯವರ ತಲೆಗೇ.

ಸ್ಥಳೀಯರ ಬಗ್ಗೆ ಕಾನೂನು ಮೌನವಾಗಿಲ್ಲ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ನಾಕಾದಿಂದ 20 ಕಿ.ಮೀ. ಒಳಗೆ ವಾಸಿಸುವವರ ಖಾಸಗಿ ವಾಹನಕ್ಕೆ ಕಡಿಮೆ ದರದ ತಿಂಗಳ ಪಾಸ್ ಸಿಗುತ್ತದೆ. ಮೂಲ ನಿಯಮದಲ್ಲಿ 150 ರೂಪಾಯಿ ಇದ್ದ ಅದರ ದರ ವರ್ಷವರ್ಷವೂ ಪರಿಷ್ಕರಣೆಯಾಗಿ ಈಗ ಎರಡು ಪಟ್ಟು ದಾಟಿದೆ. ಜಿಲ್ಲೆಯಲ್ಲೇ ನೋಂದಣಿಯಾದ, ರಾಷ್ಟ್ರೀಯ ಪರವಾನಗಿ ಇಲ್ಲದ ವಾಣಿಜ್ಯ ವಾಹನಗಳಿಗೆ ಅರ್ಧ ದರ. ಬೈಕು, ಆಟೊರಿಕ್ಷಾಗಳಿಗೆ ಸಾಮಾನ್ಯವಾಗಿ ಸುಂಕವಿಲ್ಲ. ಆದರೆ 20 ಕಿ.ಮೀ. ಎಂಬ ಗೆರೆ ತಾಲ್ಲೂಕು, ಜಿಲ್ಲೆಗಳ ಬದುಕನ್ನು ನೋಡಿ ಎಳೆದದ್ದಲ್ಲ. ಮಾಜಾಳಿಯವರಾಗಲಿ ಗೋಕರ್ಣದವರಾಗಲಿ ಅದರ ಹೊರಗೇ ಉಳಿಯುತ್ತಾರೆ. ಕಾರವಾರ ಸಾರಿಗೆ ಕಚೇರಿಯ ಕೆಎ 30 ಸಂಖ್ಯೆಯ ವಾಹನಗಳಿಗೆ ಪೂರ್ಣ ವಿನಾಯಿತಿ ಕೊಡಬೇಕೆಂಬ ಬೇಡಿಕೆ ಈ ಕೊರತೆಯಿಂದ ಹುಟ್ಟಿದ್ದು. ನಿಯಮ ಕಣ್ಣ ಮುಂದಿಟ್ಟುಕೊಂಡಿರುವುದು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಪ್ರಯಾಣಿಕನನ್ನು. ಹಟ್ಟಿಕೇರಿಯಲ್ಲಿ ಬೆಳಿಗ್ಗೆ ಮೀನಿನ ಬುಟ್ಟಿ ಹೇರಿಕೊಂಡು ಹೊರಟ ಟೆಂಪೊ ಕೂಡ ಆ ಲೆಕ್ಕದಲ್ಲಿ ಸೇರಿಬಿಡುತ್ತದೆ.

ಸಿಟ್ಟು ಬರೀ ಹಣದ್ದಾಗಿ ಉಳಿಯದಂತೆ ಮಾಡಿದ್ದು ಸಾಲು ಅವಘಡಗಳು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ನಾಕಾದಲ್ಲಿ, ತಡೆಗಳನ್ನು ಸಿಬ್ಬಂದಿ ಸರಿಸುತ್ತಿದ್ದಾಗಲೇ, ಮಳೆ ನೀರಿನ ಮೇಲೆ ಜಾರಿ ಪಲ್ಟಿಯಾಯಿತು. ನಾಲ್ವರು ಸತ್ತರು. ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತಷ್ಟು ಜೋರಾಯಿತು. 2023ರ ಜುಲೈನಲ್ಲಿ ಕಾರವಾರ–ಬಿಣಗಾ ಸುರಂಗಗಳಲ್ಲಿ ನೀರು ಸೋರುತ್ತಿದೆ, ಸುರಕ್ಷತಾ ಪ್ರಮಾಣಪತ್ರವಿಲ್ಲ ಎಂಬ ಕಾರಣಕ್ಕೆ ಜಿಲ್ಲಾ ಉಸ್ತುವಾರಿ ಸಚಿವ ಮಂಕಾಳ ವೈದ್ಯರ ಸೂಚನೆಯಂತೆ ಸಂಚಾರ ನಿಂತಿತು. ಸುರಂಗಗಳು ಮತ್ತೆ ತೆರೆದದ್ದು ತಿಂಗಳುಗಳ ಬಳಿಕ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಸ್ತೆಗಾಗಿ ಕಡಿದಿದ್ದ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಮೂರು ವಾರ ಕಳೆದಿತ್ತಷ್ಟೆ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ–ಸದಾಶಿವಗಡ ನಡುವಿನ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಬದುಕಿಸಲಾಯಿತು. ಎರಡೂ ದಿಕ್ಕಿನ ವಾಹನಗಳ ಭಾರ ಪಕ್ಕದ ಹೊಸ ಸೇತುವೆಯ ಮೇಲೆ ಬಿತ್ತು. ರಸ್ತೆ ಸುರಕ್ಷಿತವಾಗುವ ತನಕ ಸುಂಕ ನಿಲ್ಲಿಸಿ ಎಂಬ ಒತ್ತಾಯ ಬೀದಿಯಿಂದ ಜನಪ್ರತಿನಿಧಿಗಳ ಬಾಯಿಗೂ ಬಂತು.

ಆದರೂ ನಿಲ್ಲಿಸುವುದು ಸುಲಭವಲ್ಲ. ದರ ಮತ್ತು ನಾಕಾದ ಜಾಗವನ್ನು ನಿರ್ಧರಿಸುವುದು ಕೇಂದ್ರ. ಒಪ್ಪಂದ ಇರುವುದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಮತ್ತು ಕಂಪನಿಯ ನಡುವೆ. ವಸೂಲಿ ನಿಂತರೆ ನಷ್ಟ ಕಟ್ಟಿಕೊಡುವ ಪ್ರಶ್ನೆ ಏಳುತ್ತದೆ. ಶಾಸಕ, ಸಚಿವರು ಗುಡುಗಿದರೂ ಕೆಲವು ಗಂಟೆ, ಕೆಲವು ದಿನಗಳಲ್ಲಿ ಗೇಟು ಮತ್ತೆ ಕೆಲಸ ಶುರುಮಾಡುವುದು ಇದರಿಂದಲೇ.

ಗೆದ್ದ ಹೋರಾಟಗಳೂ ಇವೆ. ಇದೇ ಹೆದ್ದಾರಿಯ ಸುರತ್ಕಲ್ ನಾಕಾ ಹೆಜಮಾಡಿ ನಾಕಾದಿಂದ ಹತ್ತು ಕಿ.ಮೀ. ಆಸುಪಾಸಿನಲ್ಲೇ ಇತ್ತು. ಎರಡು ನಾಕಾಗಳ ನಡುವೆ 60 ಕಿ.ಮೀ. ಅಂತರ ಬೇಕೆಂಬ ಸಾಮಾನ್ಯ ನಿಯಮ ಅಲ್ಲಿನ ಟೋಲ್ ಗೇಟ್ ವಿರೋಧಿ ಹೋರಾಟ ಸಮಿತಿಗೆ ಗಟ್ಟಿ ಆಧಾರವಾಯಿತು. ಮುನೀರ್ ಕಾಟಿಪಳ್ಳ ಸಂಚಾಲಕರಾಗಿದ್ದ ಸಮಿತಿ 2022ರ ಅಕ್ಟೋಬರ್ 18ರಂದು ಗೇಟಿಗೆ ಮುತ್ತಿಗೆ ಹಾಕಿತು. ಅದೇ ತಿಂಗಳ ಕೊನೆಯಲ್ಲಿ ಹಗಲುರಾತ್ರಿ ಧರಣಿ ಕೂತಿತು. ಡಿಸೆಂಬರ್ 1ರಂದು ಅಲ್ಲಿ ವಸೂಲಿ ನಿಂತು, ನಾಕಾ ಹೆಜಮಾಡಿಯೊಂದಿಗೆ ವಿಲೀನವಾಯಿತು. ಕಾಸರಗೋಡಿನ ಕುಂಬಳೆ ಬಳಿಯ ಆರಿಕ್ಕಾಡಿಯಲ್ಲೂ ತಲಪಾಡಿ ನಾಕಾ ಹತ್ತಿರವಿರುವುದನ್ನು ಮುಂದಿಟ್ಟೇ ವಿರೋಧ ನಡೆಯಿತು. ಕೊಲ್ಹಾಪುರದ್ದು ಇನ್ನೂ ದೊಡ್ಡ ಕತೆ. ಐಆರ್‌ಬಿ ಸಮೂಹವೇ ಕಟ್ಟಿದ ನಗರ ರಸ್ತೆಗಳ ಸುಂಕದ ವಿರುದ್ಧ ಊರಿಗೆ ಊರೇ ಎದ್ದಿತು. ಹೋರಾಟದ ಮುಂಚೂಣಿಯಲ್ಲಿ ಅಲ್ಲಿನ ಮುಖಂಡ ಗೋವಿಂದ ಪಾನ್ಸರೆ ಇದ್ದರು. 2015ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಸುಂಕ ರದ್ದು ಮಾಡಿತು. ಅವು ನಗರದ ರಸ್ತೆಗಳಾದ್ದರಿಂದ ತೀರ್ಮಾನ ರಾಜ್ಯದ ಕೈಯಲ್ಲಿತ್ತು. ಹಟ್ಟಿಕೇರಿಗೆ ಆ ಅನುಕೂಲವಿಲ್ಲ.

2025ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ 3,000 ರೂಪಾಯಿಯ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಜಾರಿಗೆ ತಂದಿತು. ಒಂದು ವರ್ಷ ಇಲ್ಲವೇ 200 ಬಾರಿ ದಾಟುವುದು, ಯಾವುದು ಮೊದಲೋ ಅಲ್ಲಿಯವರೆಗೆ ಅದು ನಡೆಯುತ್ತದೆ. ಜಿಲ್ಲಾ ಕೇಂದ್ರಕ್ಕೆ ಆಗಾಗ ಓಡಾಡುವ ಕಾರಿನವರಿಗೆ ಇದರಿಂದ ಹೊರೆ ಇಳಿದಿದೆ. ಮೀನಿನ ಟೆಂಪೊ, ಬಾಡಿಗೆ ಟ್ಯಾಕ್ಸಿಗಳಿಗೆ ಈ ಪಾಸ್ ಅನ್ವಯಿಸುವುದಿಲ್ಲ.